ಗೆರೆಯ ಮಾತು

ಆಗಸ್ಟ್ ೪, ಸೋಮವಾರ

ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಪಟ್ಟಿಯನ್ನು ಇಂದು ಬೆಳಿಗ್ಗೆ ಆಟದ ಹಾಲಿನ ಬಾಗಿಲಿಗೆ ಅಂಟಿಸಿದರು. ಹದಿನೈದು ಹೆಸರುಗಳು. ನನ್ನದು ಕೊನೆಯದು. ಕೆಳಗಿನಿಂದ ಓದಿದರೆ ಮೊದಲನೆಯದು ಎಂದು ಸಮಾಧಾನ ಮಾಡಿಕೊಳ್ಳುವವರೂ ಇರಬಹುದು. ಆ ಜಾತಿಯ ಸಮಾಧಾನ ನನಗೆ ಒಗ್ಗುವುದಿಲ್ಲ. ಒಂದನೆಯ ತರಗತಿಯಿಂದ ಇಲ್ಲಿಯವರೆಗೆ ಯಾವ ಪಟ್ಟಿಯಲ್ಲೂ ನನ್ನ ಹೆಸರನ್ನು ಹುಡುಕಲು ನಾನು ಕಣ್ಣನ್ನು ಕೆಳಗಿಳಿಸಿದವಳಲ್ಲ. ಶಾಲೆಯ ತಂಡಕ್ಕೆ ನಾಯಕಿಯಾಗಿದ್ದಾಗ, ಬೆಂಚು ಎಂಬುದು ನೀರಿನ ಬಾಟಲಿಗಳನ್ನಿಡಲು ಮಾಡಿದ ವ್ಯವಸ್ಥೆ ಎಂದೇ ತಿಳಿದಿದ್ದೆ.

ಪರಿಸ್ಥಿತಿಯನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಚೆಂಡನ್ನು ಹಿಂದಿನಿಂದ ತಂದು ಆಟವನ್ನು ಆರಂಭಿಸುವ ಗಾರ್ಡ್‌ಗಳು ನಮ್ಮಲ್ಲಿ ಆರು ಮಂದಿ. ಅಂಕಣದಲ್ಲಿ ಅವರಿಗಿರುವ ಜಾಗ ಎರಡು. ಅಕ್ಟೋಬರಿನಲ್ಲಿ ಬೇರೆ ಊರಿನಲ್ಲಿ ನಡೆಯುವ ಅಂತರ ಕಾಲೇಜು ಪಂದ್ಯಾವಳಿಗೆ ಹತ್ತೇ ಜನರನ್ನು ಕರೆದೊಯ್ಯುತ್ತಾರೆ. ಅವರಲ್ಲಿ ಗಾರ್ಡ್‌ಗಳು ಮೂವರು. ಇಬ್ಬರು ಸೀನಿಯರ್‌ಗಳ ಜಾಗ ಗಟ್ಟಿ. ಉಳಿದ ಒಂದು ಜಾಗಕ್ಕೆ ನಾವು ನಾಲ್ವರು. ಆ ಒಂದು ನನ್ನದಾಗಬೇಕು. ಇದೊಂದು ಲೆಕ್ಕ; ಬಿಡಿಸಲು ಬರುತ್ತದೆ.

ನಮ್ಮ ಕೋಚ್ ಹಿಂದೆ ತಾವೇ ಗಾರ್ಡ್ ಆಗಿದ್ದವರು. ಎರಡೂ ಮಂಡಿಗಳು ಸವೆದಿವೆ, ಕೂತಲ್ಲಿಂದ ಏಳುವಾಗ ಕೈಗೆ ಸಿಕ್ಕವರ ಹೆಗಲು ಹಿಡಿಯುತ್ತಾರೆ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ತಂಡದಲ್ಲಿ ಅವರು ನಡೆಸಿಕೊಂಡು ಬಂದಿರುವ ವಿಚಿತ್ರ ಪದ್ಧತಿಯೊಂದಿದೆ. ಪಂದ್ಯದ ನಡುವೆ ಒಬ್ಬಳನ್ನು ಹೊರಗೆ ಕರೆದು ಇನ್ನೊಬ್ಬಳನ್ನು ಒಳಗೆ ಕಳಿಸುವಾಗ, ಹೊರಗೆ ಬರುವವಳು ಅಂಕಣದ ಗೆರೆಯ ಬಳಿ ನಿಂತು, ತಾನು ಕಾಯುತ್ತಿದ್ದ ಎದುರಾಳಿಯ ಬಗ್ಗೆ ಒಳಗೆ ಹೋಗುವವಳಿಗೆ ಒಂದು ಮಾತು ಹೇಳಬೇಕು. ಒಂದೇ ಒಂದು. ಇದಕ್ಕೆ ‘ಗೆರೆಯ ಮಾತು’ ಎಂದು ಹೆಸರು.

ಪರೀಕ್ಷೆಯ ಹಾಲಿನಲ್ಲಿ ಪಕ್ಕದ ಡೆಸ್ಕಿನವಳಿಗೆ ಉತ್ತರ ಪತ್ರಿಕೆ ತೋರಿಸಿ ಎಂದು ಯಾವ ಮೇಷ್ಟ್ರೂ ಹೇಳಿದ್ದನ್ನು ನಾನು ಕೇಳಿಲ್ಲ.

ಆಗಸ್ಟ್ ೯, ಶನಿವಾರ

ಮೇಡಂ ಹಲಗೆಯ ಮೇಲೆ ಬರೆದ ಆಟದ ನಕ್ಷೆಗಳನ್ನೆಲ್ಲ ಎರಡು ಸಂಜೆಗಳಲ್ಲಿ ಕಲಿತೆ. ಯಾರು ಎಲ್ಲಿಂದ ಎಲ್ಲಿಗೆ ಓಡಬೇಕು, ಚೆಂಡು ಯಾವಾಗ ಯಾವ ಮೂಲೆಗೆ ಹೋಗಬೇಕು, ಎಲ್ಲವೂ ಬಾಯಿಪಾಠ. ಇಂದು ಮೇಡಂ ಒಬ್ಬೊಬ್ಬರನ್ನೇ ಕೇಳಿದಾಗ ತಪ್ಪದೆ ಹೇಳಿದವಳು ನಾನೊಬ್ಬಳೇ. ತಂಡದವರು ಅಲ್ಲಿಯೇ ನನಗೆ ‘ರ‍್ಯಾಂಕು’ ಎಂದು ಹೆಸರಿಟ್ಟರು. ಹೊಗಳಿಕೆಯಲ್ಲವೆಂದು ಗೊತ್ತಾಯಿತು. ಆದರೂ ಸುಳ್ಳೇನಲ್ಲವಲ್ಲ.

ಆಮೇಲೆ ಅಭ್ಯಾಸದ ಆಟ. ಮೂರನೆಯ ನಕ್ಷೆಯ ಪ್ರಕಾರ ಚೆಂಡನ್ನು ಬುಟ್ಟಿಯ ಎಡಗಡೆಗೆ ಎಸೆದೆ. ಅಲ್ಲಿ ನಮ್ಮ ನಾಯಕಿ ಇರಬೇಕಿತ್ತು. ಕೊನೆಯ ವರ್ಷದವಳು, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಹಾಗಾಗಿ ಎಲ್ಲರಿಗೂ ಅವಳು ಕಂಬಕ್ಕ. ಕಂಬಕ್ಕ ಇನ್ನೂ ಎರಡು ಹೆಜ್ಜೆ ಆಚೆ ಇದ್ದಳು. ಚೆಂಡು ಗೋಡೆಗೆ ಬಡಿದು ಮೂಲೆಯಲ್ಲಿದ್ದ ಬಕೆಟನ್ನು ಉರುಳಿಸಿತು.

“ನಾನು ಸರಿಯಾದ ಜಾಗಕ್ಕೇ ಎಸೆದೆ” ಎಂದೆ.

“ಹೌದು, ಜಾಗ ಸರಿಯಾಗೇ ಇತ್ತು” ಎಂದಳು ಕಂಬಕ್ಕ. “ಜಾಗಕ್ಕೆ ಕೈ ಇರ್ಲಿಲ್ಲ ನೋಡು, ಹಿಡ್ಕೊಳ್ಳೋಕೆ ಆಗ್ಲಿಲ್ಲ ಪಾಪ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾವು ಗಿರಗಿಟ್ಲೆ ಎಂದು ಕರೆಯುವ ಹುಡುಗಿ. ನನ್ನ ವರ್ಷದವಳೇ, ನನ್ನಂತೆಯೇ ಗಾರ್ಡ್. ಒಂದು ಕಡೆ ನಿಂತದ್ದನ್ನು ಯಾರೂ ಕಂಡಿಲ್ಲ. ಷೂವಿನ ದಾರ ಸದಾ ಬಿಚ್ಚಿರುತ್ತದೆ. ನಕ್ಷೆಗಳಲ್ಲಿ ಅರ್ಧವೂ ಅವಳಿಗೆ ಬರುವುದಿಲ್ಲ. ಚೆಂಡು ಕೈಯಲ್ಲಿರುವಾಗಲೂ ನಗುತ್ತಾಳೆ. ನಗುವುದಕ್ಕೆ ಅಲ್ಲಿ ಏನಿರುತ್ತದೋ.

ಆಗಸ್ಟ್ ೧೬, ಶನಿವಾರ

ಮೊದಲ ಪಂದ್ಯ. ಆಡಿದ ಹೊತ್ತು: ಮೂರು ನಿಮಿಷ.

ನಾನು ಕಾಯಬೇಕಿದ್ದವಳು ತಲೆಗೆ ಕೆಂಪು ಪಟ್ಟಿ ಕಟ್ಟಿದ್ದಳು. ಎರಡು ಸಲ ಅವಳು ನನ್ನನ್ನು ಏಮಾರಿಸಿದಳು. ಮೂರನೆಯ ಸಲ ನಾನು ಅವಳನ್ನು ಓದಿದೆ. ನಿಜವಾಗಿ ಬುಟ್ಟಿಗೆ ಎಸೆಯುವುದಾದರೆ ಅವಳ ಎಡ ಹಿಮ್ಮಡಿ ಮೊದಲು ನೆಲಕ್ಕೆ ಕೂರುತ್ತದೆ. ಎಸೆಯುವಂತೆ ನಟಿಸುವುದಾದರೆ ಹಿಮ್ಮಡಿ ಎದ್ದೇ ಇರುತ್ತದೆ. ಅಷ್ಟು ಸರಳ. ಅದನ್ನು ಕಂಡುಕೊಂಡ ಮರುಗಳಿಗೆಯೇ ಮೇಡಂ ನನ್ನನ್ನು ಹೊರಗೆ ಕರೆದು ಗಿರಗಿಟ್ಲೆಯನ್ನು ಕಳಿಸಿದರು.

ಗೆರೆಯ ಬಳಿ ಅವಳು ಕಿವಿ ಮುಂದೆ ಚಾಚಿ, “ಏನು, ಹೇಳು” ಎಂದಳು.

“ಏನಿಲ್ಲ” ಎಂದೆ.

ಎರಡನೆಯ ಅರ್ಧದಲ್ಲಿ ನನ್ನನ್ನು ಮತ್ತೆ ಕಳಿಸುವರೆಂದೂ, ಆಗ ಕೆಂಪು ಪಟ್ಟಿಯನ್ನು ಕಟ್ಟಿಹಾಕಿ ತೋರಿಸುವೆನೆಂದೂ ಲೆಕ್ಕ ಹಾಕಿದ್ದೆ. ಕಳಿಸಲಿಲ್ಲ. ಕೆಂಪು ಪಟ್ಟಿ ಗಿರಗಿಟ್ಲೆಯನ್ನು ಅದೇ ಹಿಮ್ಮಡಿಯ ಆಟದಿಂದ ಮತ್ತೆ ಮತ್ತೆ ಏಮಾರಿಸಿದಳು. ನಾವು ಸೋತೆವು. ಕೊನೆಗೆ ಬ್ಯಾಗು ತುಂಬಿಕೊಳ್ಳುವಾಗ ಮೇಡಂ ಬಂದು ನನ್ನ ಹೆಗಲು ಹಿಡಿದು ಬೆಂಚಿನ ಮೇಲೆ ಕೂತರು.

“ಗೆರೆ ಹತ್ರ ಅವಳಿಗೇನು ಹೇಳ್ದೆ?”

“ಹೇಳುವಂಥದ್ದು ಏನೂ ಇರಲಿಲ್ಲ ಮೇಡಂ.”

“ಹ್ಞೂಂ” ಎಂದರು. ಅವರ ‘ಹ್ಞೂಂ’ ಎಂಬುದಕ್ಕೆ ಅರ್ಥ ಹೇಳುವ ನಿಘಂಟು ಇನ್ನೂ ಬಂದಿಲ್ಲ.

ನನ್ನ ಕಣ್ಣಿನಿಂದ ಕಂಡದ್ದು ನನ್ನದು. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಆಗಸ್ಟ್ ೧೭, ಭಾನುವಾರ

ಅಪ್ಪ ಫೋನ್ ಮಾಡಿದ್ದರು. ಅಪ್ಪ ಕಾರು ಕಲಿಸುವ ಕೆಲಸದವರು. ಹೊಸಬರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಿನ ಬಳಿಯೂ ಇರುವ ಬ್ರೇಕಿನ ಮೇಲೆ ಇಡೀ ದಿನ ಪ್ರಾಣ ಇಟ್ಟುಕೊಂಡಿರುತ್ತಾರೆ.

“ಎಷ್ಟು ಹೊತ್ತು ಆಡಿದೆ?”

“ಮೂರು ನಿಮಿಷ ಅಪ್ಪ.”

“ಮೂರಾ? ಮೂವತ್ತಾ? ಇಲ್ಲೊಬ್ರು ಗೇರ್ ಕಿರುಗುಟ್ಟಿಸ್ತಿದಾರೆ, ಸರಿಯಾಗಿ ಕೇಳಿಸ್ಲಿಲ್ಲ.”

“ಮೂರು.”

“ಶುರುವಿಗೆ ಇರ್ಲಿ ಬಿಡು” ಎಂದರು ಅಪ್ಪ. “ನಾನು ಕಲಿಯೋಕೆ ಬರೋರ ಹತ್ರ ಎಲ್ಲಾ ಹೇಳಿದೀನಿ, ಮಗಳು ಕಾಲೇಜ್ ಟೀಮಲ್ಲಿ ಆಡ್ತಾಳೆ ಅಂತ. ಅವ್ರು ಕೇಳ್ತಾರೆ, ಅದಕ್ಕೆ.” ಹಿಂದಿನಿಂದ ಅಮ್ಮ, “ಊಟ ಸರಿಯಾಗಿ ಮಾಡ್ತಾಳಾ ಅದನ್ನ ಕೇಳಿ ಮೊದ್ಲು” ಎಂದದ್ದು ಕೇಳಿಸಿತು. ಭಾನುವಾರ ಬೆಳಿಗ್ಗೆ ಅಮ್ಮ ಹಿಂದಿನ ಸೀಟಿನಲ್ಲಿ ಏನು ಮಾಡುತ್ತಿದ್ದಳು ಎಂದು ಕೇಳಲು ಮರೆತೆ. ಬಹುಶಃ ಅದೇ ಕಾರಿನಲ್ಲಿ ಸಂತೆಗೆ ಹೋಗುತ್ತಿದ್ದಳು. ಕಲಿಯುವವರ ಗತಿ ಏನಾಗಿರಬೇಕು.

ಆಗಸ್ಟ್ ೨೩, ಶನಿವಾರ

ಎರಡನೆಯ ಪಂದ್ಯ. ಆಡಿದ ಹೊತ್ತು: ಇಲ್ಲ.

ಆಗಸ್ಟ್ ೨೭, ಬುಧವಾರ

ಕೋಪದಿಂದ ಉತ್ತರ ಸಿಗುವುದಿಲ್ಲವೆಂದು ಮೂರು ದಿನ ಕೋಪ ಮಾಡಿ ನೋಡಿದ ಮೇಲೆ ಒಪ್ಪಿಕೊಂಡಿದ್ದೇನೆ. ಪ್ರಶ್ನೆಯನ್ನೇ ಸರಿಯಾಗಿ ಕೇಳಿಕೊಳ್ಳಬೇಕು. ಗಿರಗಿಟ್ಲೆಯಲ್ಲಿ ಏನಿದೆ?

ದೂರದಿಂದ ಬುಟ್ಟಿಗೆ ಎಸೆಯುವುದರಲ್ಲಿ ನಾನು ಅವಳಿಗಿಂತ ಮುಂದು. ನಕ್ಷೆಗಳ ವಿಷಯ ಬರೆಯುವುದೇ ಬೇಡ. ಓಟದಲ್ಲಿ ಅವಳು ಸ್ವಲ್ಪ ಮುಂದು, ಬಹಳವಲ್ಲ. ಆದರೂ ಅವಳು ಅಂಕಣದಲ್ಲಿದ್ದರೆ ಕಂಬಕ್ಕ ಬುಟ್ಟಿಯ ಮೇಲೆ ಬುಟ್ಟಿ ಹಾಕುತ್ತಾಳೆ. ನಾನು ಎಸೆದ ಚೆಂಡು ಮಾತ್ರ ಅವಳಿಗೆ ಒಂದು ಗಳಿಗೆ ಮೊದಲೋ ತಡವೋ ಆಗಿ ತಲುಪುತ್ತದೆ. ಇದರಲ್ಲಿ ಏನೋ ಇದೆ.

ಇಂದು ಅಭ್ಯಾಸ ಮುಗಿದ ಮೇಲೆ ಅವಳನ್ನೇ ನೇರವಾಗಿ ಕೇಳಿದೆ. ಗೋಡೆಗೆ ಒರಗಿ, ಕೊನೆಗೂ ಷೂವಿನ ದಾರ ಕಟ್ಟಿಕೊಳ್ಳುತ್ತಿದ್ದಳು, ಅದೂ ಮನೆಗೆ ಹೋಗುವ ಹೊತ್ತಿನಲ್ಲಿ.

“ಕಂಬಕ್ಕನಿಗೆ ಚೆಂಡು ಯಾವಾಗ ಕೊಡಬೇಕು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?”

“ಗೊತ್ತಿಲ್ಲ ಕಣೇ. ಕೈ ಹೋಗುತ್ತೆ.”

“ಕೈ ಸುಮ್ಮಸುಮ್ಮನೆ ಹೋಗೋದಿಲ್ಲ. ಏನನ್ನೋ ನೋಡಿರ್ತೀಯ.”

“ನೋಡಿರ್ತೀನೇನೋ.” ಅವಳು ನಿಜವಾಗಿ ಯೋಚಿಸಿದಳು, ಹುಬ್ಬು ಗಂಟಿಕ್ಕಿದ್ದು ಕಂಡಿತು. “ಇಲ್ಲಪ್ಪ, ನಂಗೆ ಗೊತ್ತಾಗ್ತಿಲ್ಲ. ನಿಂಗೆ ಗೊತ್ತಾದ್ರೆ ನಂಗೂ ಹೇಳು.”

ಉತ್ತರ ಅವಳ ಕೈಯಲ್ಲಿದೆ, ಪ್ರಶ್ನೆ ನನ್ನ ಬಳಿ ಇದೆ. ಇಂಥ ಅನ್ಯಾಯದ ಪ್ರಶ್ನೆಪತ್ರಿಕೆಯನ್ನು ನಾನು ಈವರೆಗೆ ಕಂಡಿಲ್ಲ. ನಾಳೆಯಿಂದ ಅವಳನ್ನಲ್ಲ, ಕಂಬಕ್ಕನನ್ನು ನೋಡುತ್ತೇನೆ.

ಸೆಪ್ಟೆಂಬರ್ ೩, ಬುಧವಾರ

ಸಿಕ್ಕಿತು. ಸಿಕ್ಕಿತು, ಮತ್ತು ನಾನು ಊಹಿಸಿದ್ದಕ್ಕೆ ಪೂರ್ತಿ ತಲೆಕೆಳಗಾಗಿ ಸಿಕ್ಕಿತು.

ಕಂಬಕ್ಕ ಬುಟ್ಟಿಯ ಕೆಳಗೆ ನಿಂತು ಕೈಯೆತ್ತಿ, “ಇಲ್ಲಿ, ಇಲ್ಲಿ” ಎಂದು ಕೂಗುತ್ತಾಳಲ್ಲ, ಆಗ ಅವಳು ಸಿದ್ಧಳಾಗಿರುವುದೇ ಇಲ್ಲ. ಬೆನ್ನಿಗೆ ಅಂಟಿಕೊಂಡ ಎದುರಾಳಿಯೊಂದಿಗೆ ಇನ್ನೂ ಜಾಗಕ್ಕಾಗಿ ಗುದ್ದಾಡುತ್ತಿರುತ್ತಾಳೆ. ನಿಜವಾಗಿ ಜಾಗ ಸಿಕ್ಕ ಗಳಿಗೆಯಲ್ಲಿ ಅವಳ ಬಾಯಿ ಮುಚ್ಚುತ್ತದೆ, ಕೈ ಎದೆಯ ಮಟ್ಟಕ್ಕೆ ಇಳಿಯುತ್ತದೆ. ಕೂಗುವಾಗ ಬೇಡ, ಸುಮ್ಮನಾದಾಗ ಬೇಕು. ನಾನು ಇಷ್ಟು ದಿನ ಕೂಗನ್ನು ನಂಬಿ ಎಸೆಯುತ್ತಿದ್ದೆ. ಗಿರಗಿಟ್ಲೆಯ ಕಿವಿಗೆ ಕೂಗು ಕೇಳುವುದೇ ಇಲ್ಲವೋ ಏನೋ, ತನ್ನದೇ ನಗುವಿನಲ್ಲಿ ಇರುತ್ತಾಳಲ್ಲ.

ಕಂಬಕ್ಕನಿಗೆ ಹೇಳಿದೆ. ಅವಳು ಕುಡಿಯುತ್ತಿದ್ದ ನೀರನ್ನು ಅರ್ಧಕ್ಕೆ ನಿಲ್ಲಿಸಿದಳು.

“ಹೌದಾ? ನಾನು ಹಾಗೆ ಮಾಡ್ತೀನಾ?”

“ಪ್ರತಿ ಸಲ.”

“ನಮ್ಮಮ್ಮನೂ ಹೀಗೇ ಹೇಳ್ತಾಳೆ ಮಾರಾಯ್ತಿ, ನಾನು ಬೇಕು ಬೇಕು ಅಂತ ಕಿರುಚಿದ್ರೆ ಬಡಿಸ್ಬೇಡ, ಸುಮ್ನಿದ್ರೆ ಪಾತ್ರೆನೇ ಮುಂದಿಡು ಅಂತ.” ಆಮೇಲೆ ಗಿರಗಿಟ್ಲೆಯ ಕಡೆ ತಿರುಗಿ, “ಏನೇ, ನಿಂಗೆ ಗೊತ್ತಿತ್ತಾ ಇದು?” ಎಂದಳು. ಗಿರಗಿಟ್ಲೆ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು.

ಸಂಜೆಯ ಅಭ್ಯಾಸದಲ್ಲಿ ಕೂಗನ್ನು ಬಿಟ್ಟು ಮೌನಕ್ಕೆ ಎಸೆದೆ. ಒಂದೂ ತಪ್ಪಲಿಲ್ಲ. ಮೇಡಂ, “ಹ್ಞೂಂ” ಎಂದರು. ಈ ಸಲದ್ದು ಸ್ವಲ್ಪ ಉದ್ದವಾಗಿತ್ತು.

ಸೆಪ್ಟೆಂಬರ್ ೧೩, ಶನಿವಾರ

ನಾಲ್ಕನೆಯ ಪಂದ್ಯ. ಆಡಿದ ಹೊತ್ತು: ಏಳು ನಿಮಿಷ. ಗೆದ್ದೆವು.

ಉಳಿದಿಬ್ಬರು ಗಾರ್ಡ್‌ಗಳಲ್ಲಿ ಒಬ್ಬಳು ಕಣಕಾಲು ಉಳುಕಿಸಿಕೊಂಡು ಕೂತಿದ್ದಾಳೆ. ಇನ್ನೊಬ್ಬಳನ್ನು ಮೇಡಂ ಎರಡು ವಾರದಿಂದ ಕರೆದೇ ಇಲ್ಲ. ಆ ಒಂದು ಜಾಗಕ್ಕೆ ಈಗ ಉಳಿದವರು ಗಿರಗಿಟ್ಲೆ ಮತ್ತು ನಾನು.

ಇಂದು ಹೊರಗೆ ಬರುವಾಗ ಗೆರೆಯ ಬಳಿ ಅವಳಿಗೆ ಹೇಳಿದೆ: ಎದುರಾಳಿ ಬಲಗೈಯವಳು, ಆದರೆ ಎಡಕ್ಕೇ ಹೆಚ್ಚು ಹೋಗುತ್ತಾಳೆ, ಅದಕ್ಕೆ ಕಾರಣ ಬಲ ಮಂಡಿಗೆ ಸುತ್ತಿರುವ ಪಟ್ಟಿ, ಆ ಮಂಡಿಯ ಮೇಲೆ ಅವಳಿಗೆ ನಂಬಿಕೆಯಿಲ್ಲ, ಹಾಗಿದ್ದೂ...

“ಒಂದು ಹೇಳು ತಾಯಿ, ಒಂದು” ಎಂದಳು ಗಿರಗಿಟ್ಲೆ. “ರೆಫರಿ ಪೀಪಿ ಊದ್ತಿದಾನೆ, ನೀನು ಪಾಠ ಮಾಡ್ತಿದೀಯ.”

“ಎಡಕ್ಕೆ ಹೋಗ್ತಾಳೆ.”

“ಅಷ್ಟು ಸಾಕು.” ಓಡಿದಳು.

ಬೆಂಚಿನ ಮೇಲೆ ಕೂತು ಯೋಚಿಸಿದೆ. ಒಬ್ಬಳ ಬಗ್ಗೆ ಹತ್ತು ಸಂಗತಿ ಗೊತ್ತಿದ್ದಾಗ ಅವುಗಳಲ್ಲಿ ಹೇಳಬೇಕಾದ ಒಂದು ಯಾವುದು? ಹೇಳಿದ್ದು ಓಡುವ ಕಾಲಿಗೆ ಅರ್ಥವಾಗಬೇಕು, ತಲೆಗಲ್ಲ. ಇದು ನಾನು ಬರೆದ ಯಾವ ಪರೀಕ್ಷೆಗಿಂತಲೂ ಕಠಿಣವಾದದ್ದು. ಅಲ್ಲಿ ಪುಟ ತುಂಬಿಸಿದರೆ ಅಂಕ ಕೊಡುತ್ತಿದ್ದರು. ಉಳಿದ ಆಟದುದ್ದಕ್ಕೂ ಎದುರು ತಂಡದ ಐವರಿಗೂ ಒಂದೊಂದು ವಾಕ್ಯ ಕಟ್ಟುತ್ತ ಕೂತೆ. ನಾಲ್ಕು ಚೆನ್ನಾಗಿ ಬಂದವು. ಐದನೆಯವಳು ಒಗಟು. ಅವಳ ಹೆಗಲಿನಲ್ಲಿ ಏನೋ ಇದೆ.

ಸೆಪ್ಟೆಂಬರ್ ೧೯, ಶುಕ್ರವಾರ

ಅಪ್ಪನಿಗೆ ಏಳು ನಿಮಿಷದ ಸುದ್ದಿ ಕೊಟ್ಟಾಗ, “ನೋಡಿದ್ರಾ, ಡಬಲ್‌ಗಿಂತ ಜಾಸ್ತಿ” ಎಂದು ಪಕ್ಕದಲ್ಲಿದ್ದ ಯಾರಿಗೋ ಹೇಳಿದರು. ಆ ಯಾರೋ ಅದೇ ಹೊತ್ತಿಗೆ ಕಾರನ್ನು ನಿಲ್ಲಿಸಿಬಿಟ್ಟರು. ಮುಂದಿನ ಶನಿವಾರದ ಪಂದ್ಯ ನಮ್ಮ ಹಾಲಿನಲ್ಲೇ ಇದೆ. ಈ ಸಾಲಿನಲ್ಲಿ ಒಮ್ಮೆಯೂ ಸೋಲದ ತಂಡದೊಂದಿಗೆ. ಅದಾದ ಮೇಲೆ ಮೇಡಂ ಹತ್ತು ಜನರ ಪಟ್ಟಿ ಹಾಕುತ್ತಾರೆ. ಅಪ್ಪ ಅಮ್ಮ ಇಬ್ಬರೂ ಬರುತ್ತಾರಂತೆ.

ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ: ಭಯವಾಗುತ್ತಿದೆ. ಅವರ ಎದುರಿಗೆ ಜಾಕೆಟ್ ಹಾಕಿಕೊಂಡು ಬೆಂಚಿನ ಮೇಲೆ ಕೂತಿರುವುದನ್ನು ನೆನೆಸಿಕೊಂಡು, ನಕ್ಷೆಗಳನ್ನೆಲ್ಲ ಮತ್ತೊಮ್ಮೆ ಮೊದಲಿನಿಂದ ಬರೆದೆ.

ಸೆಪ್ಟೆಂಬರ್ ೨೭, ಶನಿವಾರ

ಎಲ್ಲವನ್ನೂ ಈಗಲೇ ಬರೆಯಬೇಕು, ಕಿವಿಯಲ್ಲಿ ಆ ಸದ್ದು ಇನ್ನೂ ಇರುವಾಗಲೇ.

ಆ ಸೋಲದ ತಂಡದ ಗಾರ್ಡ್‌ನ ಅಂಗಿಯ ಮೇಲೆ ಎಂಟು ಎಂಬ ಅಂಕಿ. ಈ ಸಾಲಿನಲ್ಲಿ ಅವಳನ್ನು ತಡೆದವರಿಲ್ಲ. ಚೆಂಡು ಪುಟಿಸುತ್ತ ನಿಂತಿರುತ್ತಾಳೆ, ಕಣ್ಣಿನಲ್ಲಿ, ಹೆಗಲಿನಲ್ಲಿ, ಕಾಲಿನಲ್ಲಿ ಯಾವ ಸುಳಿವೂ ಇಲ್ಲ, ಇದ್ದಕ್ಕಿದ್ದಂತೆ ಪಕ್ಕದಿಂದ ನುಗ್ಗಿ ಬುಟ್ಟಿಯ ಕೆಳಗಿರುತ್ತಾಳೆ. ಇಬ್ಬರು ಸೀನಿಯರ್‌ಗಳೂ ಕೈಚೆಲ್ಲಿದ ಮೇಲೆ ಮೇಡಂ ಗಿರಗಿಟ್ಲೆಯನ್ನು ಕಳಿಸಿದರು. ಅವಳನ್ನೂ ದಾಟಿ ಎಂಟು ನುಗ್ಗಿದಳು. ಮೂರನೆಯ ಭಾಗದ ನಡುವೆ ಮೇಡಂ ನನ್ನನ್ನು ತಮ್ಮ ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

“ಇನ್ನೆರಡು ಸಲ ಅವಳು ಇವಳನ್ನ ದಾಟಿದ್ರೆ ನೀನು ಹೋಗು. ಜಾಕೆಟ್ ಬಿಚ್ಚು.”

ಬಿಚ್ಚಿದೆ. ಮೇಲಿನ ಸಾಲಿನಲ್ಲಿ ಅಮ್ಮ ಇದ್ದಳು. ಅಪ್ಪ ಇನ್ನೂ ಬಂದಿರಲಿಲ್ಲ. ಒಂದು ಸಲ ಎಂಟು ದಾಟಿದಳು. ಇನ್ನೊಂದು ಉಳಿಯಿತು.

ಆಗ ಕೇಳಿಸಿತು. ಹಾಲಿನಲ್ಲಿ ಗದ್ದಲವಿತ್ತು, ಆದರೆ ಮೇಡಂ ಪಕ್ಕದ ಜಾಗ ಅಂಕಣಕ್ಕೆ ತೀರ ಹತ್ತಿರ. ಎಂಟು ಮರದ ನೆಲದ ಮೇಲೆ ಚೆಂಡು ಪುಟಿಸುತ್ತಿದ್ದಳು, ಟಕ್, ಟಕ್, ಟಕ್, ಒಂದೇ ತೂಕ. ಆಮೇಲೆ ಒಂದು ಮಾತ್ರ ದಪ್ಪಗೆ ಬಿತ್ತು. ಮರುಗಳಿಗೆಯೇ ಚೆಂಡು ಹೊರಗೆ ಹೋಗಿ ಆಟ ನಿಂತದ್ದರಿಂದ ಅವಳು ನುಗ್ಗಿದಳೋ ಇಲ್ಲವೋ ತಿಳಿಯಲಿಲ್ಲ. ಮುಂದಿನ ಸರದಿಯಲ್ಲಿ ಕಣ್ಣು ಮುಚ್ಚಿಕೊಂಡೆ. ಮೇಡಂ, “ನಿದ್ದೆ ಬಂತಾ?” ಎಂದರು. ಟಕ್, ಟಕ್, ಟಕ್, ಪಾಸ್. ಪಾಸ್ ಕೊಟ್ಟಾಗ ಸದ್ದು ಬದಲಾಗಲಿಲ್ಲ. ಅದರ ಮುಂದಿನದರಲ್ಲಿ ದಪ್ಪ ಸದ್ದು ಬಂತು, ಕಣ್ಣು ತೆರೆದೆ, ಎಂಟು ಬಾಗಿ ನುಗ್ಗುತ್ತಿದ್ದಳು. ಗಿರಗಿಟ್ಲೆಯನ್ನು ದಾಟುವ ಮೊದಲೇ ಕಂಬಕ್ಕ ಅಡ್ಡ ಬಂದು ಚೆಂಡನ್ನು ಗೆರೆಯಾಚೆ ತಳ್ಳಿದಳು. ನುಗ್ಗುವ ಮುಂಚಿನ ಒಂದು ಪುಟಿತವನ್ನು ಎಂಟು ತಗ್ಗಿಸಿ ಒತ್ತುತ್ತಾಳೆ. ಕಣ್ಣಿಗೆ ಕಾಣದಷ್ಟು. ಕಿವಿಗೆ ಮಾತ್ರ.

ಗೆರೆಯಾಚೆ ಹೋದ ಚೆಂಡು ನನ್ನ ಕಾಲಿನ ಬಳಿ ಬಂದು ನಿಂತಿತು. ಅದನ್ನೆತ್ತಿ ರೆಫರಿಗೆ ಕೊಡಲು ಬಂದವಳು ಗಿರಗಿಟ್ಲೆ. ಬಗ್ಗಿದಾಗ ಅವಳ ಕಿವಿ ನನ್ನ ಬಾಯಿಯ ಹತ್ತಿರವಿತ್ತು.

“ದಪ್ಪ ಸದ್ದು ಬಂದ್ರೆ ನುಗ್ತಾಳೆ. ನೋಡ್ಬೇಡ, ಕೇಳು.”

ಅವಳು ತಲೆಯಾಡಿಸಿ ಹೋದಳು.

ಆಮೇಲೆ ನಡೆದದ್ದನ್ನು ನೋಡುವುದೇ ಒಂದು ಆನಂದ. ಟಕ್, ಟಕ್, ದಪ್. ಗಿರಗಿಟ್ಲೆ ಮೊದಲೇ ಅಲ್ಲಿದ್ದಳು. ಚೆಂಡು ಅವಳ ಕೈಗೆ ಬಂತು. ಇನ್ನೊಮ್ಮೆ. ಎಂಟು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ನಾನು ಎದ್ದು ನಿಂತಿದ್ದೆನಂತೆ. ಮೇಡಂ ನನ್ನ ಅಂಗಿ ಎಳೆದು ಕೂರಿಸಿ, “ಜಾಕೆಟ್ ಹಾಕ್ಕೋ, ಮೈ ತಣ್ಣಗಾಗುತ್ತೆ” ಎಂದರು. ಹಾಕಿಕೊಂಡೆ. ಒಂದು ಪುಟಿತವನ್ನು ಒತ್ತಿದರೆ ಮೊಣಕೈ ಎಷ್ಟು ಇಳಿಯುತ್ತದೆ, ಅದು ಕಣ್ಣಿಗೇಕೆ ಕಾಣುವುದಿಲ್ಲ ಎಂದು ಯೋಚಿಸುತ್ತಿದ್ದೆ.

ಕೊನೆಯ ಭಾಗದಲ್ಲಿ ಗಿರಗಿಟ್ಲೆಯ ನಗು ನಿಂತಿತು. ಅದನ್ನು ಗಮನಿಸಿದೆ, ಏಕೆಂದರೆ ಹಾಗಾದದ್ದನ್ನು ನಾನು ಮೊದಲ ಸಲ ನೋಡಿದ್ದು. ಕಾಲು ತಡವಾಗತೊಡಗಿತು, ಕಾಲು ತಡವಾದಾಗ ಕೈ ಮುಂದೆ ಹೋಗುತ್ತದೆ. ಒಂದರ ಹಿಂದೊಂದು ಫೌಲ್, ಐದನೆಯದಕ್ಕೆ ರೆಫರಿ ಅವಳನ್ನು ಹೊರಗೆ ಕಳಿಸಿದ. ಸಮ ಸಮ ಅಂಕ. ಮೇಡಂ ನನ್ನ ಬೆನ್ನು ತಟ್ಟಿದರು.

ಗೆರೆಯ ಬಳಿ ಅವಳು ಏದುಸಿರು ಬಿಡುತ್ತ ನಿಂತಿದ್ದಳು. ಎಂಟರ ಬಗ್ಗೆ ಏನಾದರೂ ಹೇಳುತ್ತಾಳೆ ಎಂದುಕೊಂಡು ಕಿವಿ ಕೊಟ್ಟೆ.

“ನಿಂದೂ ದಪ್ಪ ಆಗುತ್ತೆ ಕಣೇ.”

“ಏನು?”

“ಸದ್ದು. ನುಗ್ಗೋ ಮುಂಚೆ ನಿಂದೂ ಹಂಗೇ ಬೀಳುತ್ತೆ. ಈಗ ಅವಳದು ಕೇಳ್ತಾ ಕೇಳ್ತಾ ನೆನಪಾಯ್ತು... ಹೋಗು, ಹೋಗು.”

ಪದ್ಧತಿಯ ಪ್ರಕಾರ ಎದುರಾಳಿಯ ಬಗ್ಗೆ ಹೇಳಬೇಕು. ನನ್ನ ಬಗ್ಗೆ ಹೇಳಿದಳು. ಅಭ್ಯಾಸದಲ್ಲಿ ದಿನವೂ ನನ್ನೆದುರು ನಿಂತು ಅವಳ ಕಿವಿ ಇದನ್ನೆಲ್ಲ ಕೇಳಿಸಿಕೊಂಡಿತ್ತು. ಕೈ ಹೋಗುತ್ತೆ ಎನ್ನುವವಳಿಗೆ ಅದು ಬಾಯಿಗೆ ಬರಲು ಇಷ್ಟು ದಿನ ಹಿಡಿಯಿತು.

ಕೊನೆಯ ಸರದಿಯಲ್ಲಿ ಚೆಂಡು ನನ್ನ ಕೈಯಲ್ಲಿತ್ತು. ಎದುರಿಗೆ ಎಂಟು. ಇಷ್ಟು ಹೊತ್ತು ಕಿವಿಯಿಂದ ಪೆಟ್ಟು ತಿಂದವಳು ತಾನೂ ಕಿವಿ ತೆರೆದಿರುತ್ತಾಳೆ ಎನ್ನಿಸಿತು. ಬೇಕೆಂದೇ ಒಂದು ಪುಟಿತವನ್ನು ಒತ್ತಿದೆ. ದಪ್. ಅವಳು ಪಕ್ಕಕ್ಕೆ ಹಾರಿದಳು. ನಾನು ಎಲ್ಲಿಗೂ ಹೋಗಲಿಲ್ಲ. ಬುಟ್ಟಿಯ ಕೆಳಗೆ ಕಂಬಕ್ಕ ಕೂಗುವುದನ್ನು ನಿಲ್ಲಿಸಿದ್ದಳು, ಕೈ ಎದೆಯ ಮಟ್ಟದಲ್ಲಿತ್ತು. ಕೊಟ್ಟೆ.

ಗೆದ್ದೆವು.

ಹೊರಗೆ ಅಪ್ಪ ಸಿಕ್ಕರು, ಉಸಿರು ಬಿಡುತ್ತ. ಕಲಿಯಲು ಬಂದವರೊಬ್ಬರು ಏರಿನಲ್ಲಿ ಕಾರು ನಿಲ್ಲಿಸಿ, ಹಿಂದಿನ ಬಸ್ಸಿನವನ ಜೊತೆ ಜಗಳವಾಗಿ, ಅದನ್ನು ಬಿಡಿಸಿ ಬರುವಾಗ ಪಂದ್ಯವೇ ಮುಗಿದಿತ್ತಂತೆ.

“ಎಷ್ಟು ಹೊತ್ತು ಆಡಿದೆ?”

“ಗೊತ್ತಿಲ್ಲ ಅಪ್ಪ.”

“ಗೊತ್ತಿಲ್ಲ ಅಂದ್ರೆ? ನೀನು ತಾನೇ ಆಡಿದ್ದು?”

“ಕೊನೇಲಿ ಸ್ವಲ್ಪ. ಅಪ್ಪ, ನೀವು ಇಂಜಿನ್ ಸದ್ದು ಕೇಳಿಯೇ ಗೇರ್ ಬದಲಾಯಿಸ್ತೀರಾ, ನೋಡಿ ಬದಲಾಯಿಸ್ತೀರಾ?”

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ, “ಹಸಿವಾಗಿರ್ಬೇಕು ಮಗೂಗೆ” ಎಂದಳು.

ಸೆಪ್ಟೆಂಬರ್ ೨೯, ಸೋಮವಾರ

ಹತ್ತು ಹೆಸರುಗಳು. ಮೂರನೆಯ ಗಾರ್ಡ್ ಗಿರಗಿಟ್ಲೆ. ನನ್ನದು ಇಲ್ಲ.

ಎರಡು ಸಲ ಓದಿದೆ, ಕಣ್ಣನ್ನು ಕೊನೆಯ ಸಾಲಿನವರೆಗೆ ಇಳಿಸಿ.

ಸಂಜೆ ಮೇಡಂ ಬಳಿ ಹೋದೆ. ಚೆಂಡುಗಳಿಗೆ ಗಾಳಿ ತುಂಬುತ್ತಿದ್ದರು; ಪಂಪು ನನ್ನ ಕೈಗೆ ಕೊಟ್ಟು ಕೂತರು.

“ಓಟದಲ್ಲಿ ಅವಳು ಮುಂದೆ. ನಿನ್ನ ಎಡಗೈ ಇನ್ನೂ ಹದಕ್ಕೆ ಬಂದಿಲ್ಲ. ನನ್ನ ಹತ್ರ ಇರೋದು ಮೂರೇ ಜಾಗ” ಎಂದರು, ಸುತ್ತಿ ಬಳಸದೆ. ನಾನು ಒತ್ತುತ್ತಲೇ ಇದ್ದೆ. “ಸದ್ದಿನ ವಿಷಯ ನೀನು ಹೇಳಿದ್ದು ಅಂತ ಅವಳೇ ಹೇಳಿದ್ಲು. ಅವಳಿಗೆ ಹೇಳದೇ ಇದ್ದಿದ್ರೆ ನೀನು ಒಳಗೆ ಹೋಗ್ತಿದ್ದೆ. ಆ ಎಂಟನೇ ನಂಬರಿನವಳನ್ನ ನೀನೇ ತಡೆದಿದ್ರೆ, ಈ ಪಟ್ಟಿ ಬೇರೆ ಇರ್ಬೋದಿತ್ತು.”

“ಗೊತ್ತು ಮೇಡಂ.” ನಿಜವಾಗಿ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಹಾಗೆ ಯೋಚಿಸಲು ನೆನಪೇ ಆಗಿರಲಿಲ್ಲ.

“ಮೊದಲನೇ ಪಂದ್ಯದಲ್ಲಿ, ಕೆಂಪು ಪಟ್ಟಿಯವಳು. ಅವತ್ತೂ ನಿಂಗೇನೋ ಗೊತ್ತಾಗಿತ್ತು ಅಲ್ವಾ?”

“ಆಗಿತ್ತು.”

“ಹ್ಞೂಂ.”

ಚೆಂಡು ಗಟ್ಟಿಯಾಗಿತ್ತು. ಹಾಸ್ಟೆಲ್ಲಿನ ಕೋಣೆಗೆ ಬಂದು ಮುಖ ತೊಳೆದುಕೊಂಡೆ, ಇನ್ನೊಮ್ಮೆ ತೊಳೆದುಕೊಂಡೆ. ಇವತ್ತು ಇಷ್ಟೇ.

ಅಕ್ಟೋಬರ್ ೩, ಶುಕ್ರವಾರ

ಬೆಳಿಗ್ಗೆ ತಂಡ ಹೊರಟಿತು. ಹೋಗಬಾರದೆಂದು ನಿರ್ಧರಿಸಿದ್ದೆ, ಕಾಲೇಜಿನ ಗೇಟಿನ ಬಳಿ ಬಸ್ಸಿನ ಇಂಜಿನ್ ಸದ್ದು ಕೇಳಿದಾಗ ಇಳಿದುಹೋದೆ. ಕಂಬಕ್ಕ ಬಾಗಿಲಲ್ಲಿ ತಲೆ ತಗ್ಗಿಸಿ ಹತ್ತಿ, ಒಳಗೂ ತಗ್ಗಿಸಿಕೊಂಡೇ ಕೂತಳು. ಗಿರಗಿಟ್ಲೆ ಕೊನೆಯವಳು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು. ನನ್ನನ್ನು ನೋಡಿ ಬ್ಯಾಗಿನ ಪಟ್ಟಿಯನ್ನು ಹೆಗಲಿಂದ ಹೆಗಲಿಗೆ ಬದಲಾಯಿಸಿದಳು. ಕೊನೆಗೆ ಮೆಟ್ಟಿಲನ್ನು ತೋರಿಸಿ, “ಇದೇ ಗೆರೆ ಅಂದ್ಕೋ” ಎಂದಳು. “ನೀನು ಹೊರಗೆ, ನಾನು ಒಳಗೆ. ಹೇಳು. ಒಂದೇ ಹೇಳ್ಬೇಕು, ಡ್ರೈವರ್ ಬೈತಿದಾನೆ.”

ಆ ಊರಿನ ಎದುರಾಳಿಗಳನ್ನು ನಾನು ನೋಡಿಲ್ಲ. ನೋಡಿದ್ದು ಅವಳನ್ನು ಮಾತ್ರ.

“ನಿನ್ನ ನಗು ನಿಂತ್ರೆ ನಿನಗೆ ಸುಸ್ತಾಗಿದೆ ಅಂತ. ಆಗ ಮೇಡಂ ಕಡೆ ನೋಡಿ ಹೊರಗೆ ಬಾ. ಫೌಲ್ ಆಮೇಲೆ ಶುರುವಾಗುತ್ತೆ.”

ಅವಳು ನಗಲು ಹೋಗಿ, ನಿಲ್ಲಿಸಿ, ಹಾಗೆ ನಿಲ್ಲಿಸಿದ್ದು ಗೊತ್ತಾಗಿ ಮತ್ತೆ ನಕ್ಕಳು.

“ಇಷ್ಟೆಲ್ಲಾ ಯಾವಾಗ ನೋಡ್ದೆ ನೀನು?”

“ಬೆಂಚಿನ ಮೇಲೆ ಬೇರೆ ಏನು ಕೆಲಸ ಇತ್ತು?”

ಬಸ್ಸು ಹೋಯಿತು. ಅವಳ ಷೂವಿನ ದಾರ ಬಾಗಿಲಿಗೆ ಸಿಕ್ಕಿ ಸ್ವಲ್ಪ ದೂರ ಹೊರಗೇ ಓಲಾಡುತ್ತಿತ್ತು.

ಆಟದ ಹಾಲ್ ಖಾಲಿಯಾಗಿತ್ತು. ಎಡಗೈಯಲ್ಲಿ ಚೆಂಡು ಪುಟಿಸಿದೆ, ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು. ಟಕ್, ಟಕ್, ಟಕ್. ನುಗ್ಗಿದೆ. ಮತ್ತೆ ಮೊದಲಿನಿಂದ. ಬಲಗೈಯಲ್ಲಿ. ನನ್ನ ಸದ್ದು ಎಲ್ಲಿ ದಪ್ಪವಾಗುತ್ತದೆಂದು ನನಗೆ ಎಷ್ಟು ಕಿವಿಗೊಟ್ಟರೂ ಕೇಳಿಸುವುದಿಲ್ಲ. ಪುಟಿಸುವವಳಿಗೇ ಅದು ಕೇಳಿಸದಿರಲು ಕಾರಣವೇನು? ನುಗ್ಗುವ ಯೋಚನೆ ಕಿವಿಯನ್ನು ಮುಚ್ಚುತ್ತದೆಯೇ? ಎಂಟರವಳಿಗೂ ಹೀಗೆಯೇ ಇರಬಹುದೇ? ಇದನ್ನು ಒಬ್ಬಳೇ ಕಂಡುಹಿಡಿಯಲಾಗುವುದಿಲ್ಲ. ಎದುರಿಗೆ ನಿಂತು ಕೇಳಿಸಿಕೊಳ್ಳುವವರು ಬೇಕು.

ಗಿರಗಿಟ್ಲೆ ಗುರುವಾರ ಬರುತ್ತಾಳೆ.